ಕನ್‌ಸ್ಟ್ರಕ್ಟರ್ ಮುಂದೆ ಹೋದ ಮಾನ

ಮನೆ ಕಟ್ಟಿ ಮುಗಿಯುವ ಮೊದಲೇ ಒಳಗಿನವರೆಲ್ಲ ಹುಟ್ಟಿ ಕೂತಿರುತ್ತಾರೆ. ಯಾವ ಮನೆ, ಹೇಳ್ರಿ? ನಿಮಗೆ ಬರುವುದಿಲ್ಲ, ಬಿಡ್ರಿ. ಅದು ಸಿ ಪ್ಲಸ್ ಪ್ಲಸ್‌ನ ಕ್ಲಾಸು, ಅಂದರೆ ಪ್ರೋಗ್ರಾಮಿನಲ್ಲಿ ಒಂದು ವಸ್ತು ಹೇಗಿರಬೇಕು ಅಂತ ಬರೆದಿಡುವ ನಕ್ಷೆ. ಇಂಟರ್ ಫೇಲಾಗಿ ನಾರಾಯಣಗೂಡದ ಕಂಪ್ಯೂಟರ್ ಸೆಂಟರಿಗೆ ಸೇರಿದ ಮೇಲೆ ನನಗೆ ಇಂಥವೇ ಗಂಟು ಬಿದ್ದವು. ಪ್ರತಿ ಸಲ ಮಾನ ಹೋಗಿದ್ದು ನನ್ನದೇ.

ಬಸ್ಸು

ನಮ್ಮ ಸರ್ ಬೀದರ ಕಡೆಯವರು. ಬೋರ್ಡಿನ ಮೇಲೆ 'ಬಸ್ಸು' ಅಂತ ಕ್ಲಾಸ್ ಬರೆದು, ಅದರ ಭಾಗವಾಗಿ ಒಳಗೆ 'ಎಂಜಿನ್' ಅನ್ನುವ ಆಬ್ಜೆಕ್ಟ್ ಇಟ್ಟರು. "ಬಸ್ಸಿನ ಕನ್‌ಸ್ಟ್ರಕ್ಟರ್ ಅಂದ್ರ ಬಸ್ಸು ಕಟ್ಟೂ ಕೋಡು. ಅದು ತನ್ನ ಕೆಲಸ ಸುರು ಮಾಡೂಕಿಂತ ಮೊದ್ಲ ಎಂಜಿನ್ ತಯಾರಾಗಿರಬೇಕು. ತಿಳೀತೇನ್ರಪಾ?"

ನಾನು ಎದ್ದೆ. "ಸರ್, ಡ್ರೈವರ್ ಚಾ ಕುಡಿಯಾಕ ಹೋಗಿದ್ರ?"

ಹುಡುಗಿಯರ ಬೆಂಚು ನಕ್ಕಿತು. ನಾನು ಕಾಲರ್ ಎತ್ತಿದೆ.

"ಡ್ರೈವರ್ ಬಸ್ಸಿನ ಭಾಗ ಅಲ್ಲೋ. ಅಂವ ನಿನ್ನಂಗ. ಬರತಾನ, ಕೂಡತಾನ, ಇಳದು ಹೋಗತಾನ. ಬಸ್ಸಿಗೆ ಗೊತ್ತೂ ಆಗೂದಿಲ್ಲ."

ಅದೇ ಬೆಂಚು ಇನ್ನೂ ಜೋರಾಗಿ ನಕ್ಕಿತು.

ಪೇಢೆ

ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ಅಪ್ಪ ಮೊದಲೇ ಹೇಳಿಬಿಟ್ಟಿದ್ದರು: "ಈ ಸೆಂಟರಿನ ಪರೀಕ್ಷಾ ಪಾಸಾದ್ರ ಸೈ. ಇಲ್ಲಾಂದ್ರ ನಿಮ್ಮ ಮಾಮಾನ ಅಂಗಡ್ಯಾಗ ಸೀರಿ ಮಡಚಾಕ ಹೋಗು."

ಹೆದರಿಕೆಗೆ ಒಂದು ಹಿಕಮತ್ತು ಮಾಡಿದೆ. ಮಾರ್ಕ್ಸ್ ತೋರಿಸುವ ಪ್ರೋಗ್ರಾಂ ಬರೆದು, 'ವಿದ್ಯಾರ್ಥಿ' ಕ್ಲಾಸಿನೊಳಗಿನ 'ಅಂಕ'ಕ್ಕೆ ಶುರುವಿನ ಬೆಲೆ ಕೊಡುವುದನ್ನು ಬೇಕಂತಲೇ ಬಿಟ್ಟೆ. ಬೆಲೆ ಕೊಡದಿದ್ದರೆ ಮೆಮೊರಿಯಲ್ಲಿ ಬಿದ್ದಿದ್ದ ಹಳೆಯ ಕಸವೇ ಅಂಕವಾಗಿ ಬರುತ್ತದೆ. ನನ್ನ ಹೆಸರಿನ ಮುಂದೆ ಸಾವಿರಗಟ್ಟಲೆ ಬಂತು. ಪ್ರಿಂಟ್ ತೆಗೆದು ಅಪ್ಪನಿಗೆ ತೋರಿಸಿದೆ.

ಅಪ್ಪ ಕನ್ನಡಕ ಹಾಕಿಕೊಂಡರು. "ಎಷ್ಟಕ್ಕ ಇದು?"

"ಕಂಪ್ಯೂಟರಿನ್ಯಾಗ ಎಷ್ಟಕ್ಕ ಅಂತ ಇರೂದಿಲ್ಲಪ್ಪಾ."

ಪಾಪ, ನಂಬಿದರು. ಪೇಢೆ ತೊಗೊಂಡು ನೇರ ಸೆಂಟರಿಗೆ ಹೋಗಿ, ಸರ್ ಕೈಗೆ ಡಬ್ಬಿ ಕೊಟ್ಟು ಹಾಳೆ ಮುಂದೆ ಹಿಡಿದರು. ಸರ್ ಹಾಳೆ ನೋಡಿದರು, ನನ್ನನ್ನು ನೋಡಿದರು, ಒಂದು ಪೇಢೆ ಬಾಯಿಗೆ ಹಾಕಿಕೊಂಡರು.

"ಇವು ಮಾರ್ಕ್ಸ್ ಅಲ್ರಿ, ಕಸ. ಪೇಢೆ ಮಾತ್ರ ಭಾಳ ಛಲೋ ಅದಾವ."

ಬಾಯಿ ಬಿಡು ಅಂತ ನೆಲಕ್ಕೆ ಹೇಳಿದೆ. ಬಿಡಲಿಲ್ಲ.

ಅಪ್ಪ, ಮಗ

ಅಂದಿನಿಂದ ಅಪ್ಪ ನನ್ನ ಮಾತು ನಂಬುವುದನ್ನು ಬಿಟ್ಟರು. ಪರೀಕ್ಷೆಯ ದಿನ ರಜೆ ಹಾಕಿ ಬಂದು ಕುರ್ಚಿಯ ಹಿಂದೆಯೇ ನಿಂತರು. 'ಕುಟುಂಬ' ಅಂತ ಕ್ಲಾಸ್ ಬರೆಯಬೇಕಿತ್ತು. ಒಳಗೆ 'ಅಪ್ಪ', 'ಮಗ' ಎರಡು ಆಬ್ಜೆಕ್ಟು. ಮಗನ ಅಡ್ಡಹೆಸರು ಅಪ್ಪನಿಂದ ಬರಬೇಕು. ಕ್ಲಾಸಿನಲ್ಲಿ ಯಾರನ್ನು ಮೇಲೆ ಬರೆದಿರುತ್ತೇವೋ ಅವರೇ ಮೊದಲು ಹುಟ್ಟುವುದು. ನಾನು ದೊಡ್ಡಸ್ತಿಕೆಗೆ ಮಗನನ್ನು ಮೇಲೆ ಕೂರಿಸಿದ್ದೆ. ಪ್ರೋಗ್ರಾಂ ಓಡಿಸಿದರೆ ಅಡ್ಡಹೆಸರಿನ ಜಾಗದಲ್ಲಿ ಚುಕ್ಕಿ, ಗೆರೆ, ಮತ್ತೆ ಒಂದು ನಗುವ ಮುಖ.

ಸರ್ ಬಗ್ಗಿ ನೋಡಿದರು. "ಇಲ್ಲಿ ಅಪ್ಪ ಇನ್ನ ಹುಟ್ಟೇ ಇಲ್ಲಲ್ಲೋ. ಮಗ ಆಗಲೇ ಹುಟ್ಟಿ ಅಡ್ಡಹೆಸರು ಕೇಳಾಕತ್ತಾನ."

ಹಿಂದಿನಿಂದ ಅಪ್ಪ ಅಂದರು: "ಮನ್ಯಾಗೂ ಹಂಗ ರಿ ಸರ್. ನನಗಿಂತ ಮೊದ್ಲ ಹುಟ್ಟಿದವರಂಗ ಮಾತಾಡತಾನ."

ಇಡೀ ಲ್ಯಾಬ್ ನಕ್ಕಿತು. ನಾನು ಕೀಬೋರ್ಡಿನ ಮೇಲೆ ತಲೆ ಇಟ್ಟೆ. ಸರ್ ಕೂಡ ನಕ್ಕು, "ಎರಡು ಸಾಲು ಅದಲುಬದಲು ಮಾಡು" ಅಂದರು. ಮಾಡಿದೆ. ಸರಿಯಾಗಿ ಓಡಿತು, ಪಾಸಾದೆ, ಬೆನ್ನ ಮೇಲೆ ಅಪ್ಪನ ಕೈ ಬಿತ್ತು.

ಈ ಕೊನೆಯ ಪಾಸಾದದ್ದಷ್ಟು ನಾನು ಕಟ್ಟಿ ಹೇಳಿದ್ದು. ಸರ್ ನಕ್ಕಿದ್ದು ಖರೆ, ನಕ್ಕು ಫೇಲ್ ಮಾಡಿದ್ದೂ ಖರೆ. ಬೆನ್ನ ಮೇಲೆ ಕೈ ಬಿದ್ದದ್ದೂ ಖರೆಯೇ, ಆದರೆ ಅದು ಮಾಮಾನದು, ಸೀರೆ ಸೊಟ್ಟ ಮಡಚಿದ್ದಕ್ಕೆ.