ಕೆರೆಗುಮ್ಮಗಳ ಊಟೋಪಚಾರ

ನಿಮ್ಮ ಮುತ್ತಜ್ಜನ ಮುತ್ತಜ್ಜನೂ ಹುಟ್ಟುವ ಮೊದಲು ಹೂಂಗಡವೆಂಬ ರಾಜ್ಯವೊಂದಿತ್ತು. ಅದನ್ನಾಳುತ್ತಿದ್ದ ಪ್ರಚಂಡಕೇಸರಿ ಮಹಾಪ್ರಭುಗಳಿಗೆ ಬಿರುದುಗಳು ಬೇಕಾದಷ್ಟಿದ್ದವು. ಬುದ್ಧಿಗೆ ಮಾತ್ರ ಅನುದಾನ ಬಿಡುಗಡೆಯಾಗಿರಲಿಲ್ಲ.

ಅಲ್ಲಿನ ದೊಡ್ಡಕೆರೆಯ ಏರಿ ಬಿರುಕುಬಿಟ್ಟಿತು. ಏರಿಯ ಕೆಳಗೇ ಮನೆಯಿದ್ದ ದ್ಯಾವಕ್ಕನಿಗೆ ನಿದ್ದೆ ಹಾರಿಹೋಯಿತು. ಆಸ್ಥಾನಕ್ಕೆ ಹೋಗಿ ಕೈಮುಗಿದಳು.

“ಮಾಸ್ವಾಮಿ, ಏರಿಗೆ ನಾಕು ಗಾಡಿ ಕಲ್ಲು ಹಾಕ್ಸಿ. ಒಡೆದ್ರೆ ನನ್ ಮನೆ ಉಳಿಯಾಕಿಲ್ಲ.”

ಏರಿ ಕಟ್ಟಿಸಿದ್ದ ಕಾಮಗಾರಿ ಮಂತ್ರಿ ಭೂರಿಸೇನ ಕೆಮ್ಮಿದ. ಏರಿಗೆ ಸೇರಬೇಕಿದ್ದ ಕಲ್ಲೆಲ್ಲ ಅವನ ಹೊಸ ಮಹಡಿಮನೆಯ ಗೋಡೆಗಳಲ್ಲಿ ಸುಖವಾಗಿತ್ತು. ಆ ಕೆಮ್ಮಿನ ಅರ್ಥ ಬಲ್ಲ ಆಸ್ಥಾನ ವಿದ್ವಾಂಸ ವಾಗ್ಭೂಷಣ ಪಂಡಿತರು ಎದ್ದು ನಿಂತರು.

“ಮಹಾಪ್ರಭು, ಇದು ಕೆರೆಗುಮ್ಮಗಳ ಕೃತ್ಯ. ಗುಮ್ಮಗಳಲ್ಲಿ ಏರಿ ಕೊರೆಯುವ ಕುಲ, ತೂಬಿನಲ್ಲಿ ಗೊರಕೆ ಹೊಡೆಯುವ ಕುಲ, ಸುಮ್ಮನೆ ಸಂಬಳಕ್ಕಿರುವ ಕುಲ ಎಂದು ಪ್ರಭೇದಗಳುಂಟು. ಕೊರೆಯುವವು ಮೊಣಕಾಲೆತ್ತರ. ವಧುವಿನ ಮೂಗು ಅಳೆದು ಮದುವೆ ಗೊತ್ತುಮಾಡುತ್ತವೆ. ಹಸಿದರೆ ಏರಿ ತಿನ್ನುತ್ತವೆ. ಸಪ್ಪೆ ಅನ್ನವಿಟ್ಟರೆ ತಣ್ಣಗಾಗುತ್ತವೆ. ಉಪ್ಪು ತಗುಲಿತೋ, ಕೆರಳುತ್ತವೆ.”

“ನೀವು ಕಣ್ಣಾರೆ ಕಂಡಿದ್ದೀರಾ?”

“ಕಾಣುವುದು ಪಾಮರರ ಕೆಲಸ, ಪ್ರಭು. ನಾನು ಸಂಶೋಧಿಸಿದ್ದೇನೆ.”

ಪ್ರಭುಗಳು ತಲೆದೂಗಿದರು. ಮನೆಗೊಂದೆಲೆ ಸಪ್ಪೆ ಅನ್ನವನ್ನು ದಿನವೂ ಏರಿಯ ಮೇಲಿಡಬೇಕೆಂದು ಡಂಗುರ ಸಾರಲಾಯಿತು. ಕಲ್ಲಿನ ಅರ್ಜಿ ಪರಿಶೀಲನೆಗೆ ಹೋಯಿತು, ಅಂದರೆ ಸತ್ತಿತು. ಅನ್ನ ತಿಂದು ಊರ ನಾಯಿಗಳು ಕೊಬ್ಬಿದವು. ಪಂಡಿತರು ಖಾಲಿ ಎಲೆಗಳನ್ನೇ ಸಾಕ್ಷ್ಯವಾಗಿ ಒದಗಿಸಿ ಡಾಕ್ಟರೇಟ್ ಪಡೆದರು.

ಮಳೆಗಾಲದಲ್ಲಿ ಏರಿ ಒಡೆಯಿತು. ದ್ಯಾವಕ್ಕ ಉಟ್ಟ ಸೀರೆಯಲ್ಲೇ ಓಡಿ ಜೀವ ಉಳಿಸಿಕೊಂಡಳು. ಮನೆ ಕೊಚ್ಚಿಹೋಯಿತು.

ಕೂಡಲೇ ವಿಚಾರಣಾ ಆಯೋಗ ಕೂತಿತು. ಅಧ್ಯಕ್ಷ ಭೂರಿಸೇನನೇ.

“ಗುಮ್ಮನ ಅನ್ನಕ್ಕೆ ಏನು ಬೆರೆಸಿದ್ದೆ?” ಎಂದು ಪಂಡಿತರು ದ್ಯಾವಕ್ಕನನ್ನು ಕರೆಸಿ ಕೇಳಿದರು.

“ಒಂದ್ ಚಿಟಿಕೆ ಉಪ್ಪು ಹಾಕ್ತಿದ್ದೆ ಸ್ವಾಮಿ. ನಾಯಿಯೋ ಗುಮ್ಮನೋ, ಬಂದೋರಿಗೆ ಸಪ್ಪೆ ಇಕ್ಕಾಕೆ ನಂಗೆ ಮನಸು ಬರಾಕಿಲ್ಲ.”

ಸಭೆ ನೆಮ್ಮದಿಯ ಉಸಿರುಬಿಟ್ಟಿತು. ಅಪರಾಧಿ ಸಿಕ್ಕಿದ್ದಳು. ಕಲ್ಲು ನುಂಗಿದವನು ಅನ್ನವಿಟ್ಟವಳಿಗೆ ಶಿಕ್ಷೆ ಓದಿದ. ನಾಚಿಕೆಯೆಂಬುದು ಆ ಆಸ್ಥಾನದ ಹೊಸ್ತಿಲನ್ನೂ ತುಳಿದದ್ದಿಲ್ಲ.

ಪಂಡಿತರು ಗುಮ್ಮ ಖಾತೆಯ ಮಂತ್ರಿಗಳಾದರು. ಪ್ರಭುಗಳಿಗೆ ‘ಗುಮ್ಮವತ್ಸಲ’ ಎಂಬ ಬಿರುದು ಸಂದಿತು. ರಾಜ್ಯದಲ್ಲಿ ಉಪ್ಪು ನಿಷಿದ್ಧವಾಗಿ, ಜನ ಸಪ್ಪೆ ಗಂಜಿ ಕುಡಿದು ಅದಕ್ಕೂ ಗುಮ್ಮ ಸೆಸ್ ಕಟ್ಟಿದರು. ದ್ಯಾವಕ್ಕನ ಮನೆಯಿದ್ದ ಜಾಗದಲ್ಲಿ ಗುಮ್ಮಗಳಿಗಾಗಿ ಭೂರಿಸೇನನ ಉಸ್ತುವಾರಿಯಲ್ಲಿ ಅತಿಥಿಗೃಹ ಎದ್ದಿತು. ಶಿಕ್ಷೆಯ ಪ್ರಕಾರ ದ್ಯಾವಕ್ಕ ದಿನವೂ ಅದರ ಖಾಲಿ ಕೋಣೆಗಳನ್ನು ಗುಡಿಸಿ, ಮೊಣಕಾಲುದ್ದದ ಹಾಸಿಗೆಗಳನ್ನು ಹಾಸಿ, ಬಾಗಿಲು ಮುಚ್ಚಿ ಬಂದು, ಹೊರಗೆ ಬರಿ ನೆಲದ ಮೇಲೆ ಮಲಗುತ್ತಿದ್ದಳು.