ದಿಲ್ಲಿಗೆ ಹೊರಟ ಸಾಹೇಬರು

ಊರು ಬಿಟ್ಟು ಸಮುದ್ರ ದಾಟಿದರೆ ರಾಜಕೀಯದ ಕಾಟ ತಪ್ಪುತ್ತದೆ ಅಂದುಕೊಂಡವರು ಒಮ್ಮೆ ಮಸ್ಕತ್ತಿನ ಅಲ್ ಹೈಲ್‌ನ ನಮ್ಮ ಫ್ಲ್ಯಾಟಿಗೆ ಬರಬೇಕು. ನಾನು ಕುಂದಾಪುರ ಕಡೆಯವ, ಮತ್ರಾದ ಒಂದು ಶಿಪ್ಪಿಂಗ್ ಆಫೀಸಿನಲ್ಲಿ ಕೆಲಸ. ನನ್ನ ಜೊತೆ ಇರುವವರು ಉತ್ತರ ಕರ್ನಾಟಕದ ಒಬ್ಬ ಎಸಿ ಇಂಜಿನಿಯರು. ತಮ್ಮ ಕ್ಷೇತ್ರದ ಎಮ್ಮೆಲ್ಲೆಯನ್ನು ಅವರು 'ಸಾಹೇಬ್ರು' ಅಂತಲೇ ಕರೆಯುವುದು. ಸಾಹೇಬರು ಎಮ್ಮೆಲ್ಲೆಯಿಂದ ಮಂತ್ರಿಯಾಗಿ, ಮಂತ್ರಿಯಿಂದ ಮುಖ್ಯಮಂತ್ರಿಯಾಗಿ, ಅಲ್ಲಿಗೂ ಸಮಾಧಾನವಾಗದೆ ದಿಲ್ಲಿಯ ಕಡೆ ಕಣ್ಣು ಹಾಕಿದವರು. ಅವರು ಊರಲ್ಲಿ ಚುನಾವಣೆಗೆ ನಿಂತಾಗಲೆಲ್ಲ ಇಲ್ಲಿ ನಮ್ಮ ಮನೆಯಲ್ಲಿ ಏನಾದರೊಂದು ಆಗಿಯೇ ಆಗುತ್ತಿತ್ತು.

ಕಾಕಾ ತೀರಿಕೊಂಡದ್ದು

ಸಾಹೇಬರಿಗೆ ಓಟು ಹಾಕಲು ಇಂಜಿನಿಯರು ಪ್ರತಿ ಸಲವೂ ಊರಿಗೆ ಹೋಗುತ್ತಿದ್ದರು. ಆದರೆ ನಮ್ಮಲ್ಲಿ ಚುನಾವಣೆ ಬರುವುದು ಬೇಸಿಗೆಯಲ್ಲಿ. ಮಸ್ಕತ್ತಿನ ಬೇಸಿಗೆಯಲ್ಲಿ ಎಸಿ ಇಂಜಿನಿಯರಿಗೆ ಯಾರು ರಜೆ ಕೊಡುತ್ತಾರೆ? ಸಾವಾದರೆ ಮಾತ್ರ ಕೊಡುತ್ತಾರೆ. ಹಾಗಾಗಿ ಚುನಾವಣೆ ಬಂತೆಂದರೆ ಊರಲ್ಲಿ ಇವರ ಕಾಕಾ ಒಬ್ಬರು ತೀರಿಕೊಳ್ಳುತ್ತಿದ್ದರು.

ಅವರ ಮ್ಯಾನೇಜರು ಒಬ್ಬ ಒಮಾನಿ, ವಯಸ್ಸಾದವರು, ಬಹಳ ಒಳ್ಳೆಯ ಮನುಷ್ಯ. ಎಲ್ಲರೂ ಅವರನ್ನು ಅರಬ್ಬಿಯಲ್ಲಿ ಮುದೀರ್, ಅಂದರೆ ಮ್ಯಾನೇಜರ್, ಅನ್ನುತ್ತಾರೆ. ಸಾಹೇಬರು ಮುಖ್ಯಮಂತ್ರಿಯಾದ ಚುನಾವಣೆಯಲ್ಲಿ ಇಂಜಿನಿಯರು ಮುಖ ಸಣ್ಣ ಮಾಡಿಕೊಂಡು ಹೋಗಿ ನಿಂತಾಗ ಮುದೀರ್ ಕನ್ನಡಕ ತೆಗೆದು ಕೇಳಿದರಂತೆ, "ಹೋದ ಸಲವೂ ಕಾಕಾನೇ ಸತ್ತಿದ್ದನಲ್ಲ?"

ಇಂಜಿನಿಯರು ಗಡಿಬಿಡಿಯಲ್ಲಿ ಅಂದುಬಿಟ್ಟರು: "ಅದು ಬೈ-ಎಲೆಕ್ಷನ್ ಸಾರ್. ಇದು ಜನರಲ್."

ಹಿಂದಿ ಭಾಷಣ

ಮುಖ್ಯಮಂತ್ರಿಯಾದ ಮೇಲೆ ಸಾಹೇಬರು ಒಮ್ಮೆ ಮಸ್ಕತ್ತಿಗೆ ಬಂದರು. ಕನ್ನಡಿಗರೆಲ್ಲ ಸೇರಿ ಹಾಲ್ ಬುಕ್ ಮಾಡಿದೆವು. ಅರ್ಧಕ್ಕರ್ಧ ನಮ್ಮ ಕರಾವಳಿಯವರು, ಉಳಿದವರು ಇಂಜಿನಿಯರ ಕಡೆಯವರು. ಸಾಹೇಬರು ಮೈಕ್ ಹಿಡಿದವರೇ ಹಿಂದಿಯಲ್ಲಿ ಶುರು ಮಾಡಿದರು. ದಿಲ್ಲಿಗೆ ಹೋಗುವವರಿಗೆ ಹಿಂದಿ ಬರಬೇಕು, ಅಭ್ಯಾಸಕ್ಕೆ ನಾವು ಸಿಕ್ಕಿದ್ದೆವು. ಕನ್ನಡದಲ್ಲಿ ಬರೆದುಕೊಂಡ ಹಿಂದಿಯನ್ನು ಓದುತ್ತ, ನಿಲ್ಲುತ್ತ, ಬೆವರುತ್ತ ಒಂದು ಗಂಟೆ ಮಾತಾಡಿದರು. ಚಪ್ಪಾಳೆ ಎಲ್ಲಿ ಹೊಡೆಯಬೇಕೆಂದು ಗೊತ್ತಾಗದೆ ನಾವು ಅವರು ನೀರು ಕುಡಿದಾಗಲೆಲ್ಲ ಹೊಡೆದೆವು.

ನಮ್ಮನ್ನು ಕರೆತಂದಿದ್ದ ಪೇಶಾವರದ ಡ್ರೈವರ್ ಹಿಂದೆ ನಿಂತು ಕೈಕಟ್ಟಿ ಎಲ್ಲವನ್ನೂ ಕೇಳಿಸಿಕೊಂಡಿದ್ದ. ವಾಪಸ್ ಬರುವಾಗ ಹೇಳಿದ, "ಭಾಯಿ, ನಿಮ್ಮ ಕನ್ನಡ ಕಷ್ಟದ ಭಾಷೆ ಏನಲ್ಲ. ಅಲ್ಲಲ್ಲಿ ನನಗೂ ಅರ್ಥ ಆಯ್ತು."

ಈ ಸಲ ಯಾವ ಎಲೆಕ್ಷನ್?

ಸಾಹೇಬರು ಮುಖ್ಯಮಂತ್ರಿ ಕುರ್ಚಿ ಬಿಟ್ಟು ಲೋಕಸಭೆಗೆ ನಿಂತರು. ಇಂಜಿನಿಯರ ತಮ್ಮನೊಬ್ಬ ಊರಲ್ಲಿ ಸಾಹೇಬರ ಪ್ರಚಾರದ ಜೀಪಿನ ಮೇಲೆ ನಿಂತು ಮೈಕಿನಲ್ಲಿ ಕೂಗುವವನು. ಒಳ್ಳೆ ಗಂಟಲು ಹುಡುಗನದು. ಫೋನಿನಲ್ಲಿ ಮಾತಾಡಿದರೂ ಪಕ್ಕದ ಕೋಣೆಯಲ್ಲಿ ನನಗೆ ಕೇಳುತ್ತಿತ್ತು. ಮೇ ತಿಂಗಳ ನಡುಮಧ್ಯಾಹ್ನ ಸಾಹೇಬರ ಹೆಸರು ಕೂಗುತ್ತ ಕೂಗುತ್ತ ಜೀಪಿನ ಮೇಲೆಯೇ ಕುಸಿದ. ಆಸ್ಪತ್ರೆಗೆ ಮುಟ್ಟಿಸುವಷ್ಟರಲ್ಲಿ ಜೀವ ಹೋಗಿತ್ತು. ಬಿಸಿಲಿನ ಹೊಡೆತ ಅಂದರಂತೆ ಡಾಕ್ಟರು.

ಸುದ್ದಿ ಬಂದಾಗ ಇಂಜಿನಿಯರು ಡ್ಯೂಟಿಯಲ್ಲಿದ್ದರು. ಯಾರೋ ಹಿಡಿದು ಮುದೀರ್ ಕೋಣೆಗೆ ಬಿಟ್ಟರು. ಪೇಪರಿನಿಂದ ತಲೆ ಎತ್ತದೆ ಮುದೀರ್ ನಗುತ್ತ ಕೇಳಿದರು, "ಯಲ್ಲಾ, ಬೇಗ ಹೇಳು, ಈ ಸಲ ಯಾವ ಎಲೆಕ್ಷನ್?"

"ಲೋಕಸಭಾ," ಅಂದರು ಇಂಜಿನಿಯರು. ನೆಲದ ಮೇಲೆ ಕುಳಿತುಬಿಟ್ಟರು.

ಆಗ ಮುದೀರ್ ತಲೆ ಎತ್ತಿ ನೋಡಿದರು. ತಾವೇ ಟಿಕೆಟ್ ಮಾಡಿಸಿ, ತಮ್ಮದೇ ಕಾರಿನಲ್ಲಿ ಕೂರಿಸಿಕೊಂಡು ಏರ್‌ಪೋರ್ಟಿಗೆ ಬಿಟ್ಟರು. ಬ್ಯಾಗು ತೆಗೆದುಕೊಂಡು ನಾನೂ ಜೊತೆಗಿದ್ದೆ. ಇಳಿಯುವಾಗ ಮುದೀರ್ ಇವರ ಕೈ ಹಿಡಿದು ಗಂಭೀರವಾಗಿ ಹೇಳಿದರು, "ಖಲಾಸ್. ನಿನ್ನ ಕಾಕಾಗಳನ್ನೆಲ್ಲ ನಾನು ಮಾಫ್ ಮಾಡಿದೆ."

ಅಷ್ಟು ದುಃಖದಲ್ಲೂ ಇಂಜಿನಿಯರಿಗೆ ನಗು ಬಂತು. ನಗುತ್ತಲೇ ಅಳುತ್ತ ಒಳಗೆ ಹೋದರು.

ನೈತಿಕ ಗೆಲುವು

ಸಾಹೇಬರು ಮಣ್ಣಿಗೆ ಬರಲಿಲ್ಲ. ಬೇರೆ ಊರಲ್ಲಿ ಸಭೆ ಇತ್ತಂತೆ. ದೊಡ್ಡದೊಂದು ಹೂವಿನ ಹಾರ ಕಳಿಸಿದ್ದರು. ಪ್ರಚಾರದ ಗಡಿಬಿಡಿಯಲ್ಲಿ ಹಾರಕ್ಕೆ ಕಟ್ಟಿದ್ದ ರಿಬ್ಬನ್ನು ಯಾರೂ ಬಿಚ್ಚಿರಲಿಲ್ಲ. ಹೆಣದ ಎದೆಯ ಮೇಲೆ 'ನಮ್ಮ ನಡೆ ದಿಲ್ಲಿ ಕಡೆ' ಅಂತ ಬರೆದಿತ್ತು.

ಇಂಜಿನಿಯರು ವಾಪಸ್ ಬಂದ ಮೇಲೆ ಫಲಿತಾಂಶ ಬಂತು. ಸಾಹೇಬರು ಸೋತಿದ್ದರು. ಟೀವಿಯಲ್ಲಿ ಅವರ ಪಕ್ಷದವರು, "ಇದು ನಮ್ಮ ನೈತಿಕ ಗೆಲುವು" ಅನ್ನುತ್ತಿದ್ದರು. ಅಷ್ಟರಲ್ಲಿ ಊರಿಂದ ಇವರ ತಾಯಿಯ ಫೋನು. ಸ್ಪೀಕರಿನಲ್ಲಿ ಇಟ್ಟಿದ್ದರು.

"ಗೆದ್ನೇನಪಾ ಅಂವ?"

"ಇಲ್ಲಬೇ, ಸೋತ."

"ಟೀವಿ ಒಳಗ ಗೆಲುವು ಗೆಲುವು ಅನ್ನಾಕತ್ತಾರಲ್ಲ?"

"ಅದು ನೈತಿಕ ಗೆಲುವಬೇ."

"ಹಂಗಂದ್ರ?"

ಇಂಜಿನಿಯರು ಟೀವಿ ಆರಿಸಿದರು. "ಅವರು ಮನಿಗೆ ಹೋದ್ರು, ನಮ್ಮಾಂವ ಮಣ್ಣಿಗೆ ಹೋದ. ಅದಬೇ."

ಆಮೇಲೆ ಆ ತಾಯಿ, "ಉಂಡಿಯಿಲ್ಲೊ?" ಅಂದರು.

ಸಲಾಲಾದಲ್ಲಿ

ಮುಂದಿನ ವಿಧಾನಸಭೆಯಲ್ಲಿ ಸಾಹೇಬರು ಸ್ವಂತ ಕ್ಷೇತ್ರದಲ್ಲೂ ಸೋತರು. ಆ ಸಲ ಇಂಜಿನಿಯರು ಓಟಿಗೆ ಹೋಗಲಿಲ್ಲ. ಮುದೀರ್ ಅವರೇ ಕರೆದು, "ಯಾಕೆ, ಯಾರೂ ಸಾಯಲಿಲ್ಲವಾ?" ಅಂತ ಕೇಳಬೇಕೆಂದುಕೊಂಡು, ನಾಲಿಗೆ ಕಚ್ಚಿಕೊಂಡು ಸುಮ್ಮನಾದರಂತೆ.

ಆ ವರ್ಷ ಮಳೆಗಾಲದಲ್ಲಿ ಇಂಜಿನಿಯರಿಗೆ ಒಮಾನಿನಲ್ಲಿ ನಮ್ಮ ಮುಂಗಾರು ಮುಟ್ಟುವ ಸಲಾಲಾದಲ್ಲಿ ಕೆಲಸ ಬಿತ್ತು. ಜಿಟಿಜಿಟಿ ಮಳೆ ನೋಡುವ ಆಸೆಗೆ ರಜೆ ಹಾಕಿ ನಾನೂ ಹೋದೆ. ತೆಂಗಿನ ತೋಟದ ಪಕ್ಕ ರಸ್ತೆ ಬದಿಯ ಅಂಗಡಿಯಲ್ಲಿ ಎಳನೀರು ಕುಡಿಯಲು ನಿಂತರೆ, ಬೆಂಚಿನ ಮೇಲೆ ಟೀ ಶರ್ಟ್ ಹಾಕಿಕೊಂಡು ಒಬ್ಬರೇ ಕುಳಿತಿದ್ದಾರೆ ಸಾಹೇಬರು! ಹೆಂಡತಿ ಮಕ್ಕಳ ಜೊತೆ ಪ್ರವಾಸ ಬಂದಿದ್ದರಂತೆ; ಅವರೆಲ್ಲ ಫೋಟೋ ತೆಗೆಯಲು ತೋಟದೊಳಗೆ ಹೋಗಿದ್ದರು.

ಇಂಜಿನಿಯರು ಹೋಗಿ ನಮಸ್ಕಾರ ಮಾಡಿ ಊರು, ಮನೆತನ ಹೇಳಿದರು. ಸಾಹೇಬರ ಮುಖ ಅರಳಿತು.

"ಅಲಲಲಾ! ಮೈಕ್ ಹಿಡಿಯೂ ಹುಡುಗನ ಅಣ್ಣ ಏನೊ ನೀ? ಹೆಂಗದಾನ ಅಂವ?"

"ತೀರಿಕೊಂಡ್ರಿ."

"ಅಯ್ಯೋ ಶಿವನ! ಯಾವಾಗಪಾ?"

"ನಿಮ್ಮ ದಿಲ್ಲಿ ಎಲೆಕ್ಷನ್ದಾಗ. ನಿಮ್ಮ ಜೀಪಿನ ಮ್ಯಾಲನ."

ಸಾಹೇಬರ ಮುಖ ಕಪ್ಪಿಟ್ಟಿತು. ಕೈಯಲ್ಲಿದ್ದ ಎಳನೀರಿನ ಸ್ಟ್ರಾ ಬಾಯಿಗಿಟ್ಟು ಒಂದು ಗುಟುಕು ಎಳೆದರು. ಆಮೇಲೆ ಇಂಜಿನಿಯರ ಭುಜದ ಮೇಲೆ ಕೈಯಿಟ್ಟು ನಿಜವಾದ ಸಂಕಟದಿಂದಲೇ ಹೇಳಿದರು, "ಏನ್ ಹೇಳ್ಲಿ ತಮ್ಮಾ. ಆ ಎಲೆಕ್ಷನ್ದಾಗ ನಾನೂ ಸತ್ತೆ."

ಇಂಜಿನಿಯರು ಆ ಕೈಯನ್ನು ಮೆಲ್ಲಗೆ ಭುಜದಿಂದ ತೆಗೆದು, ಅಷ್ಟೇ ಮರ್ಯಾದೆಯಿಂದ ಹೇಳಿದರು:

"ಹೌದ್ರಿ ಸಾಹೇಬ್ರ. ಆದ್ರ ನೀವು ಎಳನೀರ ಕುಡ್ಯಾಕತ್ತೀರಿ."