ತಳ್ಳದೆ ಓಡಬೇಕಾದ ಮನೆ

ಅಲ್ಲ ಸ್ವಾಮಿ, ಅದು ಲಾರಿ ಅಲ್ಲ. ಕೋಳಿಗೂಡೂ ಅಲ್ಲ. ನೀವು ಬಾಯ್ಬಿಟ್ಟು ಕೇಳದೆ ಇದ್ರೂ ಮುಖ ನೋಡಿದ್ರೇ ಗೊತ್ತಾಗುತ್ತೆ. ಅದು ಮನೆ. ನಾಲ್ಕು ಚಕ್ರದ ಮನೆ. ಯುದ್ಧ ಮುಗಿದ್ಮೇಲೆ ಮಿಲಿಟರಿಯವರು ಹರಾಜು ಹಾಕಿದ ಆಂಬುಲೆನ್ಸು. ಯಾರೋ ಡಾಕ್ಟರು ಅದ್ರೊಳಗೆ ಮಂಚ, ಕಪಾಟು, ಅಡುಗೆ ಕಟ್ಟೆ ಎಲ್ಲಾ ಕೂರಿಸಿ ಊರೂರು ಸುತ್ತಿದ್ರು. ಸುತ್ತಿ ಸಾಕಾಗಿ, ರಾಜಾಜಿನಗರದಲ್ಲಿ ನಮ್ಮನೆ ಪಕ್ಕದ ಖಾಲಿ ಸೈಟಲ್ಲಿ ತಂದು ನಿಲ್ಸಿ, "ಓಡಿಸೋ ಧೈರ್ಯ ಇದ್ರೆ ನೀನೇ ಇಟ್ಕೊಳಪ್ಪ" ಅಂತ ನಂಗೆ ಬಿಟ್ಟು ಹೋದ್ರು.

ಕಾಲೇಜು ಬಿಟ್ಟು ಮನೇಲಿ ಕೂತಿದ್ದೆ. ಧೈರ್ಯಕ್ಕೇನು ಬರ? ಅಪ್ಪ ಮಾತ್ರ ಅಜ್ಜಿ ಎದುರಿಗೇ ಕರಾರು ಹಾಕಿದ್ರು: "ಈ ಮಳೆಗಾಲ ಮುಗಿಯೋವರೆಗೆ ನೋಡ್ತೀನಿ. ಒಂದೇ ಒಂದ್ಸಲ ಆ ಗಾಡಿ ತಳ್ಳಿದ್ರೂ ಸರಿ, ಬಾಯ್ಮುಚ್ಕೊಂಡು ಕಾಲೇಜಿಗೆ ಹೋಗ್ಬೇಕು."

ಮಳೆ ಬರ್ಲಿ, ಚಳಿ ಬರ್ಲಿ, ತಳ್ಳದೇನೇ ಓಡಿಸ್ತೀನಿ ಅಂತ ನಾನೂ ಹಟ ಹಿಡಿದೆ. ಹಳೇ ಗಾಡಿ, ಹಳೇ ಅಜ್ಜಿ, ಹೊಸಾ ಹಟ. ಮೂರೂ ಒಂದೇ ಕಡೆ ಸೇರಿದ್ರೆ ದಿನಕ್ಕೊಂದು ಅವಾಂತರ ಆಗದೆ ಇರುತ್ತಾ?

ಸೂರು

ಮೊದ್ಲು ಸೂರು. ಕ್ಯಾನ್ವಾಸ್ ಬಟ್ಟೆ ಹೊದಿಸಿ, ಮೇಲೆ ಎರಡು ಸಲ ಡಾಂಬರು ಬಳಿದೆ. ಪರೀಕ್ಷೆ ಮಾಡೋಕೆ ಅಜ್ಜೀನ ಒಳಗೆ ಕೂರಿಸಿ, ನಾನು ಮೇಲೆ ಹತ್ತಿ ಒಂದೊಂದೇ ಕೊಡ ನೀರು ಸುರಿದೆ.

"ಅಜ್ಜೀ, ನಿಮ್ ಮೇಲೆ ನೀರು ಬೀಳ್ತಿದೆಯಾ?"

"ಇಲ್ವೋ."

ಇನ್ನೊಂದು ಕೊಡ. "ಈಗ?"

"ಒಂದು ಹನೀನೂ ಇಲ್ಲ ಕಣೋ. ಸುರಿ ಸುರಿ."

ಹನ್ನೆರಡು ಕೊಡ ಸುರಿದು, ಮೀಸೆ ತಿರುವ್ತಾ ಕೆಳಗಿಳಿದು ಬಾಗಿಲು ತೆಗೆದೆ. ಒಳಗೆ ಪಾದ ಮುಳುಗೋಷ್ಟು ನೀರು. ಮಧ್ಯದಲ್ಲಿ ಅಜ್ಜಿ, ಛತ್ರಿ ಬಿಚ್ಕೊಂಡು ಕೂತಿದ್ರು.

"ನನ್ ಮೇಲೆ ಬೀಳ್ತಿದೆಯಾ ಅಂತ ತಾನೇ ಕೇಳಿದ್ದು?"

ಬೂಟು

ಸೂರು ಮೂರನೇ ಸಲಕ್ಕೆ ಗಟ್ಟಿಯಾಯ್ತು. ಆಮೇಲೆ ಗಾಡಿ ಪರೀಕ್ಷೆಗೆ ಬ್ರೇಕ್ ಇನ್ಸ್‌ಪೆಕ್ಟ್ರು ಬಂದ್ರು. ಹತ್ತೋಕೆ ಕಾಲೆತ್ತಿದ್ರು, ಅಜ್ಜಿ ಅಡ್ಡ ನಿಂತ್ರು. "ಬೂಟು ಹೊರಗೆ ಬಿಡಪ್ಪ. ಒಳಗೆ ಒಲೆ ಇದೆ."

"ಇದು ಗಾಡಿ ತಾನೇ ಅಮ್ಮಾ?"

"ಒಲೆ ಇದ್ಮೇಲೆ ಮನೆ."

ಪಾಪ, ಬಿಚ್ಚಿಟ್ರು. ಹೊರಟ್ವಿ. "ಸರಿಯಾಗಿ ನಿಲ್ಲುತ್ತೇನ್ರೀ?" ಅಂದ್ರು.

"ನಿಲ್ಲೋದ್ರಲ್ಲಿ ಇದನ್ನ ಮೀರಿಸೋ ಗಾಡಿ ಬೆಂಗಳೂರಲ್ಲೇ ಇಲ್ಲ ಸಾರ್. ಓಡೋದನ್ನೇ ಈಗೀಗ ಕಲಿಸ್ತಾ ಇದೀನಿ."

ವಿಜಯನಗರದ ಹತ್ರ ಬ್ರೇಕ್ ಹಾಕ್ಸಿ ನೋಡಿ, ಹಾರನ್ ಕೇಳಿ, ದೀಪ ನೋಡಿ, ಸಮಾಧಾನ ಆಗಿ, "ಸರಿ, ನಾನು ಇಲ್ಲೇ ಇಳೀತೀನಿ" ಅಂತ ಕೆಳಗಿಳಿದ್ರು. ಬಾಗಿಲ ಹತ್ರ ನೆಲ ಎಲ್ಲಾ ಹುಡುಕಿದ್ರು.

"ಏನ್ ಸಾರ್?"

"ಬೂಟು ಇಲ್ಲೇ ಬಿಟ್ಟಿದ್ನಲ್ರೀ!"

ಮಡಿ

ಮಳೆಗಾಲದ ಕೊನೆಗೆ ಮಾಗಡೀಲಿ ಅಜ್ಜಿ ತಂಗಿ ಮನೇಲಿ ನಾಮಕರಣ ಬಂತು. ಮೂರೂ ಜನ ಹೊರಟ್ವಿ. ಹೇರೋಹಳ್ಳಿ ಹತ್ರ ಆಕಾಶ ಹರಿದ ಹಾಗೆ ಮಳೆ. ಎಂಜಿನ್ ಕೆಮ್ಮಿ ನಿಂತೋಯ್ತು.

"ತಳ್ಳೋಣ್ವಾ?" ಅಂದ್ರು ಅಪ್ಪ, ಬಾಯ್ತುಂಬಾ ನಗ್ತಾ.

"ಯಾರೂ ಮುಟ್ಟಬೇಡಿ!"

ಮಳೇಲಿ ಇಳಿದು ಹ್ಯಾಂಡಲ್ ತಿರುವಿ ತಿರುವಿ ಸೋತು ಒಳಗೆ ಬಂದೆ. ಎಂಜಿನ್ ಮುಚ್ಚಳ ಗಾಡಿ ಒಳಗೇ, ಅಡುಗೆ ಕಟ್ಟೆಗೆ ಅಂಟಿಕೊಂಡಿತ್ತು. ನಿಂತಿದ್ದೇ ಸರಿ ಅಂತ ಅಜ್ಜಿ ಮಡಿ ಉಟ್ಟು ಇದ್ದಿಲೊಲೆ ಹಚ್ಚಿಬಿಟ್ಟಿದ್ರು. "ಮೈಲಿಗೇಲಿ ಒಲೆ ಹತ್ರ ಬರ್ಬೇಡ."

"ಅಜ್ಜಿ, ತಲೆಯಿಂದ ಕಾಲ್ವರೆಗೂ ನೆಂದಿದೀನಿ. ಇನ್ನೇನು ಮಡಿ?"

"ಪ್ಯಾಂಟ್ ಹಾಕ್ಕೊಂಡು ಮಡಿಯೇನೋ?"

ಪ್ಯಾಂಟ್ ಬಿಚ್ಚಿ, ಒದ್ದೆ ಪಂಚೆ ಉಟ್ಟು, ನೆಂದಿದ್ದ ಆರೂ ಪ್ಲಗ್ ಕಳಚಿ, ಕೆಂಡದ ಮುಂದೆ ಚಕ್ಕಳಮಕ್ಕಳ ಕೂತು ಕಾಯಿಸಿದೆ. ತಲೆಗೆ ಗೋಣಿ ಹಾಕ್ಕೊಂಡು ಹೋಗ್ತಿದ್ದ ಗೌಡ್ರೊಬ್ರು ಇಣುಕಿ ನೋಡಿದ್ರು.

"ಹೋಮಾನಾ ಸ್ವಾಮಿ?"

"ಹೂಂ."

"ಮಳೆ ಬರೋಕೋ, ನಿಲ್ಲೋಕೋ?"

"ಗಾಡಿ ಹೊರಡೋಕೆ."

ಪ್ಲಗ್ ಹಾಕಿ ಹ್ಯಾಂಡಲ್ ತಿರುವಿದೆ. ಒಂದೇ ಏಟಿಗೆ ಗುರ್ ಅಂತು. ಗೌಡ್ರು ಗೋಣಿ ತೆಗೆದು ಎಂಜಿನ್‌ಗೆ ಕೈ ಮುಗಿದ್ರು.

ಕೆಸರು

ಮಾರನೇ ಬೆಳಗ್ಗೆ ಮಳೇಲೇ ವಾಪಸ್. ಕಾಮಾಕ್ಷಿಪಾಳ್ಯ ಬಂತು, ಮನೆ ಇನ್ನೇನು ಬಂದೇಬಿಡ್ತು ಅನ್ನುವಾಗ ಹಿಂದಿನ ಚಕ್ರ ಕೆಸರಲ್ಲಿ ಹೂತ್ಕೊಳ್ತು. ಎಂಜಿನ್ ಮಾತ್ರ ಹುಲಿ ಥರ ಓಡ್ತಾ ಇದೆ.

"ಎರಡು ನಿಮಿಷ ಇರಿ ಅಪ್ಪ, ಚಕ್ರದ ಕೆಳಗೆ ಗೋಣಿ ಹಾಕ್ತೀನಿ."

ಅಪ್ಪ ಗಡಿಯಾರ ನೋಡಿದ್ರು. ಸರ್ವಿಸಲ್ಲಿ ಒಂದು ದಿನಾನೂ ಆಫೀಸಿಗೆ ಲೇಟಾದೋರಲ್ಲ. "ನೀನು ಗೋಣಿ ಹುಡುಕೋ ಹೊತ್ತಿಗೆ ಹಾಜರಿ ಪುಸ್ತಕ ಸಾಹೇಬ್ರ ಮೇಜಿಗೆ ಹೋಗಿರುತ್ತೆ! ನಡಿ, ಗೇರ್ ಹಾಕು!" ಅಂತ ಧುಮುಕಿ, ಪಂಚೆ ಎತ್ತಿ ಕಟ್ಟಿ, ಹಿಂದಿನಿಂದ ಕೊಟ್ರು ನೋಡಿ ಒಂದು ನೂಕು. ಗಾಡಿ ಈಚೆ ಬಂತು. ಅಪ್ಪ ಕೆಸರಲ್ಲಿ ಅದ್ದಿ ತೆಗೆದ ಹಾಗಾಗಿದ್ರು.

ಹತ್ತಿ ಕೂತ್ಮೇಲೆ ಅವ್ರಿಗೆ ಹೊಳೀತು. "ಆಹಾ! ತಳ್ಳಿ ಆಯ್ತಲ್ಲೋ! ಇನ್ನು ಕಾಲೇಜು!"

ಅಷ್ಟು ಡಾಂಬರು, ಅಷ್ಟು ಕೆಂಡ, ಎಲ್ಲಾ ನೀರಲ್ಲಿ ಹೋಮ. ಆಗ ಒಲೆ ಮುಂದಿನಿಂದ ಅಜ್ಜಿ ಕೇಳಿದ್ರು. "ಮಾತು ಏನಂತ ಆಗಿತ್ತೋ?"

"ಗಾಡಿ ತಳ್ಳಿದ್ರೆ ಕಾಲೇಜಿಗೆ ಹೋಗ್ಬೇಕು ಅಂತಮ್ಮ."

"ತಳ್ಳಿದ್ದು ಯಾರು?"

"ನಾನು."

"ಮತ್ತೆ? ಹೋಗು."

"ಅಮ್ಮಾ, ನಾನ್ ಹೇಳಿದ್ದು..."

"ಬಾಯ್ಮುಚ್ಕೊಂಡು ಅಂತಾನೂ ನೀನೇ ಹೇಳಿದ್ದೆ."

ಅಪ್ಪ ಅಜ್ಜೀನ ನೋಡಿದ್ರು, ನನ್ನ ನೋಡಿದ್ರು. ಛತ್ರಿ ಎತ್ಕೊಂಡು ಇಳಿದೇಬಿಟ್ರು.

"ಮಳೇಲಿ ಎಲ್ಲಿಗೆ ಹೊರಟ್ರಿ ಅಪ್ಪ?" ಅಂದೆ.

"ಕಾಲೇಜಿಗೆ!" ಅಂದು, ಬಾಗಿಲು ದಢಾರ್ ಅಂತ ಹಾಕಿದ್ರು.